ಕರಿಮೆಣಸು ಗೊತ್ತಿದ್ದರೆ ಶಿರಾಜ್ ಗೊತ್ತು: ತೋಟದ ಕೆಂಪು ವೈನನ್ನು ಆರಿಸಿ, ಇಟ್ಟು, ಬಡಿಸುವ ಬಗೆ

ಮೆಣಸು ಕೊಯ್ದು, ಕಾಳು ಬಿಡಿಸಿ, ಹರಡಿದ ಎರಡನೇ ದಿನ ಮಧ್ಯಾಹ್ನ ಕಣದ ಅಂಚಿನಲ್ಲಿ ನಿಂತಿದ್ದೀರಾ? ಹಸಿರು ಕಾಳು ಆಗಲೇ ಕಪ್ಪಾಗುತ್ತಿರುತ್ತದೆ. ಬಿಸಿಲಿಗೆ ಒಂದು ವಾಸನೆ ಏಳುತ್ತದೆ. ಅದು ಖಾರ ಅಲ್ಲ, ಖಾರ ಗೊತ್ತಾಗುವುದು ನಾಲಿಗೆಗೆ. ಇದು ಮೂಗಿಗೆ ಬರುವ ವಾಸನೆ. ಒಣ ಕಟ್ಟಿಗೆ, ಸ್ವಲ್ಪ ಮಣ್ಣು, ಆಮೇಲೆ ಮೂಗಿನ ಒಳಗೆ ಸಣ್ಣ ಚುರುಕು.

ಶಿರಾಜ್ ಅನ್ನುವ ಕಪ್ಪು ದ್ರಾಕ್ಷಿಯಿಂದ ಮಾಡಿದ ಕೆಂಪು ವೈನಿನಲ್ಲಿ ಇರುವುದೂ ಇದೇ ವಾಸನೆ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ. ಎರಡರಲ್ಲೂ ಇರುವ ವಸ್ತುವೇ ಒಂದು, ಅದರ ಹೆಸರು ರೊಟಂಡೋನ್. ಶಿರಾಜ್ ವೈನಿನ ಮೆಣಸಿನ ವಾಸನೆಗೆ ಇದೇ ಕಾರಣ ಅಂತ ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ತೋರಿಸಿಕೊಟ್ಟರು. ಒಂದು ಲೀಟರ್ ಕೆಂಪು ವೈನಿನಲ್ಲಿ 16 ನ್ಯಾನೊಗ್ರಾಂ ಇದ್ದರೆ ಸಾಕು, ಮೂಗಿಗೆ ಗೊತ್ತಾಗುತ್ತದೆ. ಅಂದರೆ ಒಂದೇ ಒಂದು ಗ್ರಾಂ ರೊಟಂಡೋನ್ 6 ಕೋಟಿ ಲೀಟರ್ ವೈನಿಗೆ ಮೆಣಸಿನ ವಾಸನೆ ಹಿಡಿಸಬಲ್ಲದು. ಇದಕ್ಕೆ ಆ ಹೆಸರು ಬಂದದ್ದು ಕೊನ್ನಾರಿ ಗಡ್ಡೆಯ ಸಸ್ಯಶಾಸ್ತ್ರದ ಹೆಸರಿನಿಂದ. ಗದ್ದೆ ಬದುವಿನಲ್ಲಿ ನಾವು ಕಿತ್ತು ಬಿಸಾಡುವ ಕಳೆಯ ಬೇರಿನಲ್ಲೂ ಈ ವಸ್ತು ಇದೆ.

ಅದಕ್ಕೇ ನನ್ನ ಮಾತು ಇಷ್ಟೇ. ವೈನ್ ಬಗ್ಗೆ ಪಟ್ಟಣದವರಿಗೆ ಗೊತ್ತು, ನಮಗೇನು ಗೊತ್ತು ಅಂತ ಕೊಡಗಿನವರು ಹಿಂಜರಿಯಬೇಕಾಗಿಲ್ಲ. ಮೆಣಸು ಬೆಳೆಯುವ ಮನೆಯಲ್ಲಿ ಹುಟ್ಟಿದವರ ಮೂಗು ಅರ್ಧ ಕಲಿತೇ ಬಂದಿರುತ್ತದೆ. ಉಳಿದರ್ಧವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಮ್ಮದು ವಿರಾಜಪೇಟೆ ಕಡೆಯ ಸಣ್ಣ ಕಾಫಿ ತೋಟ. ಇಲ್ಲಿ ಹೇಳುವುದೆಲ್ಲ ನಮ್ಮ ಮನೆ, ನಮ್ಮ ಅಡುಗೆ, ನಮ್ಮ ಮಳೆಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಮೊದಲು ಈ ದ್ರಾಕ್ಷಿಯ ಪರಿಚಯ

ಶಿರಾಜ್‌ಗೆ ಫ್ರಾನ್ಸಿನಲ್ಲಿ ಸಿರಾ ಅನ್ನುತ್ತಾರೆ. ಬಾಟಲಿ ಮೇಲೆ ಎರಡರಲ್ಲಿ ಯಾವ ಹೆಸರಿದ್ದರೂ ದ್ರಾಕ್ಷಿ ಒಂದೇ. ಇರಾನಿನ ಶಿರಾಜ್ ಊರಿನಿಂದ ಬಂದದ್ದು ಅನ್ನುವ ಕಥೆ ಬಹಳ ಕಾಲ ಓಡಾಡುತ್ತಿತ್ತು. 1998ರಲ್ಲಿ ಡಿಎನ್ಎ ಪರೀಕ್ಷೆ ಮಾಡಿ ನೋಡಿದಾಗ ಅದು ಸುಳ್ಳು ಅಂತ ಗೊತ್ತಾಯಿತು. ಇದರ ತಂದೆ ತಾಯಿ ಎರಡೂ ಫ್ರಾನ್ಸಿನ ಹಳೆಯ ತಳಿಗಳು: ಡ್ಯುರೇಜಾ ಮತ್ತು ಮೊಂಡೂಸ್ ಬ್ಲಾಂಶ್. ತವರು ರೋನ್ ನದಿಯ ಕಣಿವೆ. 1832ರಲ್ಲಿ ಜೇಮ್ಸ್ ಬಸ್ಬಿ ಎಂಬವರು ಯುರೋಪಿನಿಂದ ಒಯ್ದ ಬಳ್ಳಿಗಳ ಜೊತೆ ಆಸ್ಟ್ರೇಲಿಯಾ ಸೇರಿತು. ಶಿರಾಜ್ ಅನ್ನುವ ಹೆಸರನ್ನು ಲೋಕಕ್ಕೆ ಹಬ್ಬಿಸಿದ್ದು ಅಲ್ಲಿಯವರೇ.

ಕರ್ನಾಟಕದಲ್ಲಿ ಇದು ನಂದಿ ಬೆಟ್ಟದ ತಪ್ಪಲಲ್ಲಿ ಬೆಳೆಯುತ್ತದೆ, ಹಂಪಿ ಕಡೆಯ ಗುಡ್ಡಗಳಲ್ಲೂ ಬೆಳೆಯುತ್ತದೆ. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಕುಟುಂಬ 1988ರಲ್ಲಿ ಶುರು ಮಾಡಿದ ತೋಟ ನಮ್ಮ ರಾಜ್ಯದ ವೈನ್ ದ್ರಾಕ್ಷಿಗೆ ದಾರಿ ತೋರಿಸಿತು. ಅದು ಈಗ ದೊಡ್ಡ ಕಂಪನಿ. ಹಂಪಿ ಕಡೆಯ ಕ್ರಿಸ್ಮಾದಂಥವು ಸಣ್ಣ ತೋಟದ ಸಾಲಿಗೆ ಸೇರುತ್ತವೆ.

ಕೊಡಗಿನಲ್ಲೇ ಯಾಕೆ ಬೆಳೆಯಬಾರದು ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ನಮ್ಮ ಮಳೆಯೇ ಉತ್ತರ. ವೈನ್ ದ್ರಾಕ್ಷಿಯ ಎಲೆ ತಿಂಗಳುಗಟ್ಟಲೆ ಒದ್ದೆಯಾಗಿದ್ದರೆ ಬೂಜು ಹಿಡಿಯುತ್ತದೆ. ಕಾಫಿಗೆ ಕೊಳೆರೋಗ ಬಂದಾಗ ಎಲೆ ಕಪ್ಪಾಗಿ ನೇತಾಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಬಯಲುಸೀಮೆಯಲ್ಲಿ ಆ ಕಾಟ ಇಲ್ಲ. ಅಲ್ಲಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡುತ್ತಾರೆ, ಅಂದರೆ ಕೊಂಬೆ ಕತ್ತರಿಸುತ್ತಾರೆ. ಏಪ್ರಿಲ್‌ನದು ಬಳ್ಳಿ ಬಲಿಯಲು, ಸೆಪ್ಟೆಂಬರ್–ಅಕ್ಟೋಬರ್‌ನದು ಹಣ್ಣು ಬಿಡಲು. ಹಣ್ಣಾಗುವುದು ಫೆಬ್ರವರಿ–ಮಾರ್ಚ್‌ನಲ್ಲಿ, ಹೆಚ್ಚುಕಡಿಮೆ ನಾವು ಏಣಿ ಹಾಕಿ ಮೆಣಸು ಕೊಯ್ಯುವ ಹೊತ್ತಿಗೇ.

ರೊಟಂಡೋನ್ ಇರುವುದು ದ್ರಾಕ್ಷಿಯ ಸಿಪ್ಪೆಯಲ್ಲಿ. ಗೊಂಚಲು ತಂಪಾಗಿದ್ದಷ್ಟೂ ಅದು ಜಾಸ್ತಿ, ಬಿಸಿಲಿಗೆ ಕಾದಷ್ಟೂ ಕಡಿಮೆ. ಅದಕ್ಕೇ ಒಂದು ಶಿರಾಜ್‌ನಲ್ಲಿ ಮೆಣಸು ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಬರೀ ನೇರಳೆ ಹಣ್ಣು, ಜಾಮ್. ನಮ್ಮ ರಾಜ್ಯದ ಬಾಟಲಿಗಳಲ್ಲಿ ಎರಡೂ ಬಗೆ ಸಿಗುತ್ತವೆ. ಮೆಣಸು ಬೇಕಿದ್ದವರು ಎತ್ತರದ, ರಾತ್ರಿ ತಣ್ಣಗಿರುವ ಜಾಗದ ತೋಟವನ್ನೇ ಹುಡುಕಬೇಕು.

ಹಂತ 1: ಮನೆ ವೈನ್ ಮತ್ತು ತೋಟದ ವೈನ್ ಬೇರೆ ಬೇರೆ ಅಂತ ತಿಳಿಯಿರಿ

ಕೊಡಗಿನಲ್ಲಿ ವೈನ್ ಅಂದರೆ ಮೊದಲು ನೆನಪಾಗುವುದು ಮನೆಯಲ್ಲಿ ಮಾಡಿದ್ದು. ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಈಸ್ಟ್ ಹಾಕಿ ಇಡುತ್ತಾರೆ. ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸಿನದೂ ಉಂಟು. ನಾನು ಅದನ್ನು ಕೀಳಾಗಿ ನೋಡುವವನಲ್ಲ. ಅಜ್ಜಿ ಕೊಟ್ಟ ಒಂದು ಸಣ್ಣ ಲೋಟ ಶುಂಠಿ ವೈನಿಗೆ ಮಳೆಗಾಲದ ಸಂಜೆ ಬೇರೆ ಯಾವುದೂ ಸಾಟಿ ಇಲ್ಲ. ಆದರೆ ಅದರ ದ್ರಾಕ್ಷಿ ಬೇರೆ. ಮನೆ ವೈನಿಗೆ ಹೆಚ್ಚಾಗಿ ಬಳಸುವುದು ಬೆಂಗಳೂರು ಬ್ಲೂ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆ ಬೆಳೆಯುವ, 2013ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತು ಪಡೆದ ದ್ರಾಕ್ಷಿ. ಅದು ಅಮೆರಿಕದ ದ್ರಾಕ್ಷಿಯ ರಕ್ತ ಇರುವ ತಳಿ. ಸ್ಕ್ವಾಶ್, ಜ್ಯೂಸ್ ಬಾಟಲಿ ತೆರೆದಾಗ ಬರುವ ಆ ಗಾಢ ಘಮ ಅದರ ಹುಟ್ಟುಗುಣ. ವೈನ್ ಮಾಡಿದಾಗಲೂ ಅದು ಹೋಗುವುದಿಲ್ಲ. ಶಿರಾಜ್ ಯುರೋಪಿನ ದ್ರಾಕ್ಷಿ. ಕಾಳು ಸಣ್ಣದು, ಬೀಜ ಇರುತ್ತದೆ, ಸಿಪ್ಪೆ ದಪ್ಪ.

ಇನ್ನೊಂದು ವ್ಯತ್ಯಾಸ ಸಿಹಿಯದು. ಮನೆ ವೈನ್ ಸಿಹಿ. ಅಂಗಡಿಯಲ್ಲಿ ಪೋರ್ಟ್ ಅಂತ ಹೆಸರಿಟ್ಟು ಮಾರುವ ನಮ್ಮ ದೇಶದ ಅಗ್ಗದ ವೈನೂ ಸಿಹಿಯೇ. ತೋಟದ ಶಿರಾಜ್‌ನಲ್ಲಿ ಸಕ್ಕರೆ ಬಹುಪಾಲು ಹುಳಿತು ಮದ್ಯವಾಗಿರುತ್ತದೆ, ಸಿಹಿ ಉಳಿದಿರುವುದಿಲ್ಲ. ನಮ್ಮ ದೊಡ್ಡಪ್ಪ ಮೊದಲ ಸಲ ಕುಡಿದಾಗ ಗ್ಲಾಸ್ ಕೆಳಗಿಟ್ಟು, "ಇದೇನು ಮಗಾ, ಎಳೆ ಬಾಳೆಕಾಯಿ ಕಚ್ಚಿದ ಹಾಗಿದೆಯಲ್ಲ" ಅಂದರು. ಅವರು ಸರಿಯಾಗಿಯೇ ಹೇಳಿದ್ದರು. ಅದು ಒಗರು. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್ ಇದಕ್ಕೆ ಕಾರಣ. ಹಸಿ ಅಡಿಕೆ, ಕಡಕ್ ಚಹಾದಲ್ಲಿ ನಾವು ಅದನ್ನು ಇಷ್ಟಪಟ್ಟೇ ಸವಿಯುತ್ತೇವೆ. ಕೆಂಪು ವೈನಿನಲ್ಲಿ ಒಗರು ಇರುವುದು ತಪ್ಪಲ್ಲ. ಊಟದ ಜೊತೆ ಅದೇ ಕೆಲಸಕ್ಕೆ ಬರುತ್ತದೆ, ಮುಂದೆ ಹೇಳುತ್ತೇನೆ.

ಕೆಂಪು ವೈನ್ ಹೇಗೆ ಆಗುತ್ತದೆ ಅನ್ನುವುದನ್ನು ಕಾಫಿಯವರಿಗೆ ಒಂದು ಮಾತಿನಲ್ಲಿ ಹೇಳಬಹುದು. ಬಿಳಿ ವೈನ್ ಅಂದರೆ ಪಾರ್ಚ್‌ಮೆಂಟ್, ಕೆಂಪು ವೈನ್ ಅಂದರೆ ಚೆರ್ರಿ. ಪಾರ್ಚ್‌ಮೆಂಟ್‌ಗೆ ನಾವು ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬೇರೆ ಮಾಡುತ್ತೇವೆ. ಚೆರ್ರಿಯಲ್ಲಿ ಸಿಪ್ಪೆ ಸಮೇತ ಒಣಗಿಸುತ್ತೇವೆ, ಅದಕ್ಕೇ ಅದರ ರುಚಿ ದಪ್ಪ. ಶಿರಾಜ್‌ನ ತಿರುಳಿಗೆ ಬಣ್ಣವೇ ಇಲ್ಲ. ರಸವನ್ನು ಸಿಪ್ಪೆಯ ಜೊತೆಗೇ ಒಂದೆರಡು ವಾರ ಹುಳಿಯಲು ಬಿಡುತ್ತಾರೆ. ಬಣ್ಣ, ಒಗರು, ಮೆಣಸಿನ ವಾಸನೆ ಮೂರೂ ಆಗ ಸಿಪ್ಪೆಯಿಂದ ಇಳಿಯುತ್ತವೆ. ಆಮೇಲೆ ಕೆಲವರು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ವೆನಿಲ್ಲಾ, ಸುಟ್ಟ ಕಟ್ಟಿಗೆಯ ವಾಸನೆ ಬಂದರೆ ಅದು ಪೀಪಾಯಿಯದು, ದ್ರಾಕ್ಷಿಯದಲ್ಲ.

ಹಂತ 2: ಲೇಬಲ್ ಓದಿ

ಅಂಗಡಿಯಲ್ಲಿ ಬಾಟಲಿಯ ಮುಂದಿನ ಚಿತ್ರ ಬಿಡಿ. ಹಿಂಭಾಗ ತಿರುಗಿಸಿ.

ದ್ರಾಕ್ಷಿಯ ಹೆಸರು ಇದೆಯಾ ನೋಡಿ. "ಕೆಂಪು ವೈನ್" ಅಂತ ಮಾತ್ರ ಇದ್ದರೆ ಯಾವ ದ್ರಾಕ್ಷಿ ಅಂತ ಗೊತ್ತಾಗುವುದಿಲ್ಲ. ಶಿರಾಜ್ ಜೊತೆ ಕ್ಯಾಬರ್ನೆ ಸೊವಿನ್ಯೋಂ ಬೆರೆಸಿದ್ದೂ ನಮ್ಮಲ್ಲಿ ಸಾಮಾನ್ಯ. ಅದು ಕೆಟ್ಟದ್ದೇನಲ್ಲ, ಆದರೆ ಮೆಣಸನ್ನು ಗುರುತಿಸಲು ಕಲಿಯುವಾಗ ಮೊದಲ ಬಾಟಲಿ ಬರೀ ಶಿರಾಜ್ ಆಗಿರಲಿ.

ಆಮೇಲೆ ವರ್ಷ. ಅದು ಬಾಟಲಿಗೆ ತುಂಬಿದ ವರ್ಷವಲ್ಲ, ಹಣ್ಣು ಕೊಯ್ದ ವರ್ಷ. 2023 ಅಂತಿದ್ದರೆ ಆ ವರ್ಷದ ಮೊದಲ ತಿಂಗಳುಗಳಲ್ಲಿ ಕೊಯ್ದದ್ದು ಅಂತ ಅರ್ಥ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆ ಎಲ್ಲ ಬಾಟಲಿಗೂ ಸಲ್ಲುವುದಿಲ್ಲ. ನಮ್ಮ ದೇಶದ ಹೆಚ್ಚಿನ ಕೆಂಪು ವೈನುಗಳನ್ನು ಕೊಯ್ದ ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸುವುದೇ ಸರಿ ಅನ್ನುವುದು ನನ್ನ ಅನುಭವ. ಅಂಗಡಿಯ ಕಪಾಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ವರ್ಷಗಟ್ಟಲೆ ನಿಂತ ಬಾಟಲಿಯನ್ನಂತೂ ಮುಟ್ಟಬೇಡಿ.

ಮೂರನೆಯದು, ಬೆಳೆದವರು ಮತ್ತು ತುಂಬಿಸಿದವರು ಒಬ್ಬರೇನಾ ಅನ್ನುವುದು. "ಎಸ್ಟೇಟ್ ಬಾಟಲ್ಡ್" ಅನ್ನುವ ಮಾತು ಅದನ್ನೇ ಹೇಳುತ್ತದೆ. ಎಸ್ಟೇಟ್ ಕಾಫಿ ಅಂದರೆ ನಮಗೆ ಏನು ಅರ್ಥವೋ ಇಲ್ಲೂ ಅದೇ: ಯಾರೋ ಬೆಳೆದದ್ದನ್ನು ಕೊಂಡು ಬೆರೆಸಿದ್ದಲ್ಲ, ತಮ್ಮ ತೋಟದ್ದನ್ನೇ ಮಾಡಿದ್ದು. ಸಣ್ಣ ತೋಟದವರು ಊರಿನ ಹೆಸರು, ಕೆಲವೊಮ್ಮೆ ತೋಟದ ತುಂಡಿನ ಹೆಸರನ್ನೂ ಹಾಕುತ್ತಾರೆ. ಈ ವಿವರ ಜಾಸ್ತಿ ಇದ್ದಷ್ಟೂ ನನಗೆ ನಂಬಿಕೆ ಜಾಸ್ತಿ.

ಕೊನೆಗೆ ಮದ್ಯದ ಪ್ರಮಾಣ. ಶಿರಾಜ್‌ನಲ್ಲಿ ಶೇ 13ರಿಂದ 14.5 ಇರುತ್ತದೆ. ಇದು ಜ್ಯೂಸ್ ಅಲ್ಲ. ಶೇ 14ರ ವೈನ್ 150 ಮಿಲಿ ಕುಡಿದರೆ ಹೆಚ್ಚುಕಡಿಮೆ 50 ಮಿಲಿ ವಿಸ್ಕಿ ಕುಡಿದಷ್ಟೇ ಮದ್ಯ ಒಳಗೆ ಹೋಗುತ್ತದೆ. 750 ಮಿಲಿ ಬಾಟಲಿಯಲ್ಲಿ ಅಂಥ ಐದು ಗ್ಲಾಸ್ ಇರುತ್ತವೆ. ಐದು ಜನ ಹಂಚಿಕೊಳ್ಳಿ. ಕುಡಿದವರು ನಮ್ಮ ತಿರುವಿನ ರಸ್ತೆಯಲ್ಲಿ ಆ ರಾತ್ರಿ ಗಾಡಿ ಮುಟ್ಟುವುದು ಬೇಡ. 21 ತುಂಬದವರಿಗೂ ಬೇಡ. ಹೋಮ್‌ಸ್ಟೇ ನಡೆಸುವವರಿಗೆ ಒಂದು ಮಾತು: ದುಡ್ಡು ತೆಗೆದುಕೊಂಡು ಯಾವುದೇ ವೈನ್ ಮಾರಲು ಅಬಕಾರಿ ಲೈಸೆನ್ಸ್ ಬೇಕು, ಮನೆಯಲ್ಲಿ ಮಾಡಿದ್ದಕ್ಕೂ ಸಹ.

ಹಂತ 3: ಮನೆಯಲ್ಲಿ ಎಲ್ಲಿಡಬೇಕು

ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತದ್ದು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮೊದಲ ಒಳ್ಳೆಯ ಬಾಟಲಿ ತಂದಾಗ ಪುತ್ತರಿ ಸುಗ್ಗಿ ಹಬ್ಬಕ್ಕೆ ತೆರೆಯೋಣ ಅಂತ ಅಡುಗೆಮನೆ ಅಟ್ಟದಲ್ಲಿಟ್ಟೆ. ಮಕ್ಕಳ ಕೈಗೆ ಸಿಗದ ಜಾಗ ಅನ್ನುವುದಷ್ಟೇ ಯೋಚನೆ. ಏಪ್ರಿಲ್ ಬಿಸಿಲಿಗೆ ಹೆಂಚು ಕಾಯಿತು, ಕೆಳಗಿನಿಂದ ಒಲೆಯ ಶಾಖ, ಹೊಗೆ. ಪುತ್ತರಿ ದಿನ ನೋಡಿದರೆ ಕಾರ್ಕ್ ಬಾಯಿಂದ ಒಂದು ಕೂದಲೆಳೆ ಮೇಲೆ ಬಂದಿತ್ತು. ಬಾಟಲಿ ಕತ್ತಿನಲ್ಲಿ ನೇರಳೆ ಬಣ್ಣದ ಅಂಟು ಗೆರೆ ಇಳಿದು ಒಣಗಿತ್ತು. ಗ್ಲಾಸಿಗೆ ಹಾಕಿದರೆ ಬಣ್ಣ ಇಟ್ಟಿಗೆ ಕಡೆ ತಿರುಗಿತ್ತು. ವಾಸನೆ ಕುದಿಸಿದ ಜಾಮ್‌ನದು. ಮೆಣಸು ಎಲ್ಲೂ ಇರಲಿಲ್ಲ. ಆ ದ್ರಾಕ್ಷಿಯನ್ನು ಯಾರೋ ನಮ್ಮ ಹಾಗೇ ಎರಡು ಚಾಟ್ನಿ, ಔಷಧಿ, ಕೊಯ್ಲು ಅಂತ ವರ್ಷವಿಡೀ ಸಾಕಿದ್ದರು. ಅದನ್ನು ನಾನು ಒಂದೇ ಬೇಸಿಗೆಯಲ್ಲಿ ಬೇಯಿಸಿ ಹಾಳು ಮಾಡಿದ್ದೆ. ಇವತ್ತಿಗೂ ನೆನೆದರೆ ಸಂಕಟ ಆಗುತ್ತದೆ.

ವೈನಿಗೆ 12ರಿಂದ 15 ಡಿಗ್ರಿ ತಂಪು ಇಷ್ಟ. ಅದಕ್ಕಿಂತ ಮುಖ್ಯ, ತಂಪು ಏರಿಳಿಯಬಾರದು. ನಮ್ಮ ಹಳೆಯ ಮನೆಗಳಲ್ಲಿ ಹೆಚ್ಚು ಏರಿಳಿಯದ ಜಾಗ ಹುಡುಕಿದರೆ ಸಿಗುತ್ತದೆ: ದಪ್ಪ ಗೋಡೆಯ ಒಳಕೋಣೆ, ನೆಲಕ್ಕೆ ಹತ್ತಿರ, ಕಿಟಕಿಯಿಂದ ದೂರ. ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯೂ ಆಗುತ್ತದೆ. ಫ್ರಿಜ್ ಮೇಲೆ ಬೇಡ, ಅಲ್ಲಿ ಶಾಖ. ತಗಡಿನ ಶೆಡ್ ಬೇಡ. ಕಾರಿನ ಡಿಕ್ಕಿಯಲ್ಲಿ ಮಧ್ಯಾಹ್ನವಿಡೀ ಬಿಡುವುದಂತೂ ಬೇಡವೇ ಬೇಡ. ಮೈಸೂರಿನಿಂದ ತರುವಾಗ ಸೀಟಿನ ಕೆಳಗೆ, ಒದ್ದೆ ಟವಲ್ ಸುತ್ತಿ ತನ್ನಿ.

ಕಾರ್ಕ್ ಇದ್ದರೆ ಬಾಟಲಿ ಮಲಗಿಸಿ. ಕಾರ್ಕ್ ಒದ್ದೆಯಾಗಿದ್ದರೆ ಗಾಳಿ ಒಳಗೆ ನುಗ್ಗುವುದಿಲ್ಲ. ತಿರುಗಿಸುವ ಮುಚ್ಚಳವಾದರೆ ನಿಲ್ಲಿಸಿದರೂ ಪರವಾಗಿಲ್ಲ. ತಿರುಗಿಸುವ ಮುಚ್ಚಳ ಅಂದರೆ ಅಗ್ಗದ ವೈನ್ ಅಂತ ತಿಳಿಯಬೇಡಿ, ಆಸ್ಟ್ರೇಲಿಯಾದ ಒಳ್ಳೊಳ್ಳೆ ಶಿರಾಜ್ ಕೂಡ ಅದರಲ್ಲೇ ಬರುತ್ತದೆ. ಮಳೆಗಾಲದಲ್ಲಿ ಲೇಬಲ್‌ಗೆ ಬೂಜು ಬಂದರೆ ಒಳಗಿನ ವೈನಿಗೆ ಏನೂ ಆಗುವುದಿಲ್ಲ. ಆದರೆ ಹೆಸರು, ವರ್ಷ ಓದಲಾಗದೆ ಹೋಗುತ್ತದೆ. ಪೇಪರ್ ಸುತ್ತಿ, ಮೇಲೆ ಪೆನ್ನಿನಲ್ಲಿ ಬರೆದಿಡಿ.

ಹಂತ 4: ತೆರೆಯುವ ದಿನ

ಕೆಂಪು ವೈನನ್ನು ಕೋಣೆಯ ಬಿಸಿಯಲ್ಲಿ ಕುಡಿಯಬೇಕು ಅಂತ ಎಲ್ಲರೂ ಹೇಳುತ್ತಾರೆ. ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. ಶಿರಾಜ್‌ಗೆ 16ರಿಂದ 18 ಡಿಗ್ರಿ ಸರಿ. ಡಿಸೆಂಬರ್ ಸಂಜೆ ಮಡಿಕೇರಿಯಲ್ಲಿ ಬಾಟಲಿಯನ್ನು ಇದ್ದ ಜಾಗದಿಂದ ತೆಗೆದು ತೆರೆದರೆ ಸಾಕು. ಏಪ್ರಿಲ್‌ನಲ್ಲಿ, ಅದರಲ್ಲೂ ಕುಶಾಲನಗರ ಕಡೆ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬಿಸಿಯಾದರೆ ಮದ್ಯದ ಘಾಟು ಮುಂದೆ ಬಂದು ಮೆಣಸನ್ನು ಮುಚ್ಚಿಬಿಡುತ್ತದೆ. ಐಸ್ ಹಾಕಿದರೆ ಒಗರು ಮಾತ್ರ ಉಳಿಯುತ್ತದೆ.

ಹಳೆಯ ಬಾಟಲಿಯಾದರೆ ಹಿಂದಿನ ದಿನವೇ ನಿಲ್ಲಿಸಿಡಿ. ಗಸಿ ಕೆಳಗೆ ಕೂರುತ್ತದೆ. ಕಾರ್ಕ್ ತೆಗೆಯುವ ಸುರುಳಿಯನ್ನು ನಟ್ಟನಡುವೆ ಚುಚ್ಚಿ, ನೇರವಾಗಿ ತಿರುಗಿಸಿ, ನಿಧಾನ ಎಳೆಯಿರಿ. ಕಾರ್ಕ್ ತುಂಡಾಗಿ ಒಳಗೆ ಬಿದ್ದರೆ ಗಾಬರಿ ಬೇಡ, ಚಹಾ ಸೋಸುವ ಜಾಲರಿಯಲ್ಲಿ ಸೋಸಿದರೆ ಆಯಿತು.

ಆಮೇಲೆ ಗಾಜಿನ ಜಗ್‌ಗೆ ಸುರಿದು ಅರ್ಧ ಗಂಟೆ ಬಿಡಿ. ಎಳೆಯ ಶಿರಾಜ್‌ಗೆ ಒಂದು ಗಂಟೆಯೂ ಆಗಲಿ. ಈ ದ್ರಾಕ್ಷಿಯ ವೈನಿನಲ್ಲಿ ತೆರೆದ ಕೂಡಲೇ ಕೊಳೆತ ಮೊಟ್ಟೆಯ, ಬೆಂಕಿಕಡ್ಡಿಯ ವಾಸನೆ ಬರುವುದುಂಟು. ಗಾಳಿ ತಾಗಿದರೆ ಹೋಗುತ್ತದೆ. ದಬದಬ ಸುರಿಯಿರಿ, ತೊಂದರೆ ಇಲ್ಲ. ಸ್ಟೀಲ್ ಲೋಟ ಮಾತ್ರ ಬೇಡ. ಬಾಯಿ ಸ್ವಲ್ಪ ಒಳಗೆ ಬಾಗಿದ ಗಾಜಿನ ಗ್ಲಾಸ್ ಇದ್ದರೆ ವಾಸನೆ ಒಳಗೇ ನಿಲ್ಲುತ್ತದೆ. ಮೂರರಲ್ಲಿ ಒಂದು ಭಾಗ ಮಾತ್ರ ತುಂಬಿಸಿ.

ಹಂತ 5: ಕೆಟ್ಟಿದೆಯಾ ನೋಡಿ

ಮಳೆಗಾಲದಲ್ಲಿ ಒದ್ದೆಯಾಗಿ ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ ಬಂದರೆ ಆ ಬಾಟಲಿ ಹೋಯಿತು ಅಂತ ತಿಳಿಯಿರಿ. ಗಾಳಿ ತಾಗಿದರೂ ಸರಿಹೋಗುವುದಿಲ್ಲ. ಕಾರ್ಕ್‌ನಲ್ಲಿ ಹುಟ್ಟುವ ಟಿಸಿಎ ಎಂಬ ವಸ್ತುವಿನ ಕೆಲಸ ಅದು. ಕಾಫಿ ರುಚಿ ನೋಡುವವರು "ರಿಯೋ" ಅಂತ ಗುರುತು ಹಾಕಿ ಪಕ್ಕಕ್ಕಿಡುವ ಬೀಜದಲ್ಲೂ ಇದೇ ಟಿಸಿಎ ಇರುತ್ತದೆ. ಒಂದು ಸಲ ಕಾಫಿಯಲ್ಲಿ ರಿಯೋ ಕುಡಿದವರು ವೈನಿನಲ್ಲೂ ಅದನ್ನು ಥಟ್ಟನೆ ಹಿಡಿಯುತ್ತಾರೆ. ವಿನೆಗರ್‌ನ ಹುಳಿ ಘಾಟು, ನೈಲ್ ಪಾಲಿಶ್ ವಾಸನೆ ಜೋರಾಗಿ ಬಂದರೂ ಕುಡಿಯಬೇಡಿ. ಅಂಗಡಿಗೆ ಹೋಗಿ ಬಾಟಲಿ ತೋರಿಸಿ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಹಂತ 6: ಮೆಣಸನ್ನು ಹುಡುಕಿ

ಇಲ್ಲಿಗೆ ಬರುವುದಕ್ಕೇ ಇಷ್ಟೆಲ್ಲ ಬರೆದದ್ದು. ನಿಮ್ಮದೇ ತೋಟದ ಮೆಣಸು ಅಲ್ಲದಿದ್ದರೂ ಪರವಾಗಿಲ್ಲ, ಆ ವರ್ಷ ಒಣಗಿಸಿದ ಮೆಣಸು ಇರಲಿ. ನಾಲ್ಕು ಕಾಳು ಕುಟ್ಟಾಣಿಯಲ್ಲಿ ಹಾಕಿ. ಪುಡಿ ಮಾಡಬೇಡಿ, ಒಡೆದರೆ ಸಾಕು. ಅಂಗೈಗೆ ಹಾಕಿಕೊಂಡು ಮೂಗಿನ ಹತ್ತಿರ ತನ್ನಿ. ಸೀನು ಬರುವಷ್ಟು ಹತ್ತಿರ ಬೇಡ. ಕಣ್ಣು ಮುಚ್ಚಿ ಎರಡು ಸಲ ಉಸಿರು ಎಳೆಯಿರಿ.

ಈಗ ಕೈ ದೂರ ಮಾಡಿ. ಒಂದು ನಿಮಿಷ ಬಿಡಿ. ಗ್ಲಾಸನ್ನು ಮೇಜಿನ ಮೇಲೇ ಇಟ್ಟು ಮೂರು ಸುತ್ತು ತಿರುಗಿಸಿ, ಮೂಗು ಒಳಗಿಟ್ಟು ಮೆಲ್ಲಗೆ ಎಳೆಯಿರಿ. ಮೊದಲು ಬರುವುದು ಹಣ್ಣು: ನೇರಳೆ, ಕಪ್ಪು ದ್ರಾಕ್ಷಿ, ಕೆಲವೊಮ್ಮೆ ಬೇಯಿಸಿದ ಪ್ಲಮ್. ಅದರ ಹಿಂದೆ ಹುಡುಕಿ. ಪೀಪಾಯಿಯ ಕಟ್ಟಿಗೆ ವಾಸನೆ ಇದ್ದರೆ ಅದರ ಹಿಂದೆಯೂ ಹುಡುಕಿ. ಮೆಣಸು ಹಿಂದಿನ ಸಾಲಿನಲ್ಲಿ ನಿಂತಿರುತ್ತದೆ. ಸಿಕ್ಕ ಕ್ಷಣ ನಿಮಗೇ ಗೊತ್ತಾಗುತ್ತದೆ, ಯಾಕೆಂದರೆ ಅದು ಅಂಗೈಯಲ್ಲಿದ್ದ ಅದೇ ವಾಸನೆ. ನನಗೆ ಮೊದಲ ಸಲ ಸಿಕ್ಕಿದಾಗ ನಮ್ಮ ಕಣವೇ ಕಣ್ಣ ಮುಂದೆ ಬಂತು. ಸಿಲ್ವರ್ ಓಕ್ ಬುಡದಲ್ಲಿ ಹರಡಿದ ಟಾರ್ಪಾಲು, ಕಾಲಲ್ಲಿ ಕಾಳು ಕೆದಕುತ್ತಾ ನಡೆಯುತ್ತಿದ್ದ ನನ್ನ ಅಮ್ಮ. ಎಲ್ಲೋ ಫ್ರಾನ್ಸಿನಲ್ಲಿ ಹುಟ್ಟಿ, ನಂದಿ ಬೆಟ್ಟದ ಕೆಳಗೆ ಬೆಳೆದ ಬಳ್ಳಿಗೆ ನಮ್ಮ ಮೆಣಸಿನ ಬಳ್ಳಿಯ ಗುಟ್ಟು ಹೇಗೆ ಗೊತ್ತಾಯಿತು ಅಂತ ಆಶ್ಚರ್ಯ ಆಯಿತು.

ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಸುಮಾರು ಐದು ಜನರಲ್ಲಿ ಒಬ್ಬರ ಮೂಗಿಗೆ ರೊಟಂಡೋನ್ ಗೊತ್ತಾಗುವುದೇ ಇಲ್ಲ, ಪ್ರಮಾಣ ಎಷ್ಟೋ ಪಟ್ಟು ಹೆಚ್ಚಿಸಿದರೂ. ನನ್ನ ತಮ್ಮನಿಗೆ ಗೊತ್ತಾಗುವುದಿಲ್ಲ, ಅವನಿಗೆ ಆ ಗ್ಲಾಸಿನಲ್ಲಿ ನೇರಳೆ ಹಣ್ಣು ಮಾತ್ರ. ಅವನದೂ ಸರಿ, ನನ್ನದೂ ಸರಿ.

ಹಂತ 7: ಊಟದ ಜೊತೆ

ಪಂದಿ ಕರಿ, ಅಂದರೆ ನಮ್ಮ ಹಂದಿ ಸಾರು, ಮತ್ತು ಶಿರಾಜ್ ಒಳ್ಳೆಯ ಜೋಡಿ. ಆದರೆ ಒಂದೆರಡು ವಿಷಯ ಗಮನಿಸಬೇಕು.

ಕೊಬ್ಬು, ಮಾಂಸ, ಉಪ್ಪು ಈ ಮೂರೂ ವೈನಿನ ಒಗರನ್ನು ಮೆತ್ತಗೆ ಮಾಡುತ್ತವೆ. ಹಂದಿಯ ತುಪ್ಪ ನಾಲಿಗೆಗೆ ಹತ್ತಿದಾಗ ವೈನಿನ ಒಗರು ಅದನ್ನು ತೊಳೆದು, ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡುತ್ತದೆ. ದೊಡ್ಡಪ್ಪ ಬಾಳೆಕಾಯಿ ಅಂದ ಅದೇ ವೈನನ್ನು ಪಂದಿ ಕರಿ, ಕಡಂಬುಟ್ಟಿನ (ಅಕ್ಕಿ ಉಂಡೆ) ಜೊತೆ ಎರಡನೇ ಸಲ ಕುಡಿದು, "ಈಗ ಸರಿಯಾಯ್ತು" ಅಂದರು. ಕರಿಯಲ್ಲಿರುವ ಮೆಣಸು, ಹುರಿದ ಮಸಾಲೆಯ ಕಪ್ಪು ರುಚಿ ಗ್ಲಾಸಿನ ಮೆಣಸಿನ ಜೊತೆ ಕೈ ಜೋಡಿಸುತ್ತವೆ.

ತೊಂದರೆ ಕೊಡುವುದು ಕಾಚಂಪುಳಿ, ಕರಿಗೆ ಹಾಕುವ ನಮ್ಮ ಕಪ್ಪು ಹುಳಿ. ಊಟ ವೈನಿಗಿಂತ ಹುಳಿಯಾದರೆ ವೈನ್ ಚಪ್ಪೆಯಾಗುತ್ತದೆ. ಕಾಚಂಪುಳಿ ಎಂಥ ಹುಳಿ ಅಂತ ನಿಮಗೆ ಹೇಳಬೇಕಾಗಿಲ್ಲ. ಹಾಗಂತ ಕಾಚಂಪುಳಿ ಇಲ್ಲದೆ ಪಂದಿ ಕರಿ ಮಾಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆ ದಿನ ಅದನ್ನು ಕೊನೆಗೆ, ಸ್ವಲ್ಪ ಕಡಿಮೆ ಹಾಕಿ. ಬೇಕಾದವರು ತಟ್ಟೆಗೆ ಹಾಕಿಕೊಳ್ಳಲಿ. ಮಾಂಸ ಹಿಂದಿನ ದಿನವೇ ಬೇಯಿಸಿ ಮರುದಿನ ಬಿಸಿ ಮಾಡಿದ್ದಾದರೆ ಹುಳಿ ಒಳಗೆ ಸೇರಿ ಇನ್ನೂ ಚೆನ್ನಾಗಿ ಹೊಂದುತ್ತದೆ.

ಹಸಿಮೆಣಸು, ಗಾಂಧಾರಿ ಮೆಣಸಿನ ಖಾರ ಬೇರೆ ಲೆಕ್ಕ. ಅದು ಬಾಯಿ ಉರಿಸುವಾಗ ವೈನಿನ ಮದ್ಯವೂ ಒಗರೂ ಉರಿಯಾಗಿ ಕಾಣುತ್ತವೆ. ಖಾರದ ಕೋಳಿ ಫ್ರೈ ಇರುವ ದಿನ ಶಿರಾಜ್ ತೆರೆಯಬೇಡಿ. ಮಾಂಸ ತಿನ್ನದವರಿಗೆ ನನ್ನ ಸಲಹೆ ಅಣಬೆ: ಮಳೆಗಾಲದ ಕುಮ್ಮು ಕರಿಗೆ ಮೆಣಸು ಜಾಸ್ತಿ ಹಾಕಿ, ಅಕ್ಕಿ ರೊಟ್ಟಿ ಜೊತೆ ಬಡಿಸಿ. ಬೈಂಬಳೆಯ (ಎಳೆ ಬಿದಿರು, ಕಳಲೆ) ಹುಳಿ ಘಮಕ್ಕೂ ಈ ವೈನಿಗೂ ಯಾಕೋ ಕೂಡಿ ಬರಲಿಲ್ಲ. ಎರಡು ಸಲ ನೋಡಿ ಬಿಟ್ಟೆ.

ಉಳಿದರೆ

ಕಾರ್ಕ್ ತಿರುಗಿಸಿ ಬಿಗಿಯಾಗಿ ಹಾಕಿ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಇರುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಮೂರನೇ ದಿನ ದಾಟಿದ್ದನ್ನು ನಾವು ಅಡುಗೆಗೆ ಬಳಸುತ್ತೇವೆ. ಹಂದಿ ಮಾಂಸವನ್ನು ಈರುಳ್ಳಿ ಜೊತೆ ಬಾಡಿಸುವಾಗ ಅರ್ಧ ಲೋಟ ಸುರಿದು, ತಳ ಕೆದಕಿ, ಘಾಟು ಹೋಗುವ ತನಕ ಕುದಿಸಿ. ಬಾಟಲಿಯ ತಳದಲ್ಲಿ ಗಸಿ ಇದ್ದರೆ ಆ ಕೊನೆಯ ಎರಡು ಚಮಚ ಮಾತ್ರ ಚೆಲ್ಲಿಬಿಡಿ.